ಕೇಸು ಹಾಕಿದವರೇ ಏಣಿ ಹಿಡಿದರು

ಗುಡೇಕೋಟೆ ಕಡೆಯ ಗುಡ್ಡದ ಮೇಲಿರುವ, ‘ಅಜ್ಜ’ ಎಂದೇ ಕರೆಯುವ ಸಂತರ ಗದ್ದುಗೆಯನ್ನು ಒಂದು ಲಿಂಗಾಯತರ ಮನೆ, ಒಂದು ಮುಸ್ಲಿಮರ ಮನೆ ಸೇರಿ ನೋಡಿಕೊಳ್ಳುತ್ತವೆ. ‘ಅಣ್ಣತಮ್ಮಂದಿರ ಹಾಗಿದ್ದಾರೆ’ ಎಂದು ಊರೆಲ್ಲ ಹೇಳುತ್ತದೆ. ಇರಬಹುದು, ಕೋರ್ಟಿಗೆ ಹೋಗುವವರೂ ಅಣ್ಣತಮ್ಮಂದಿರೇ ಅಲ್ಲವೇ? ಗದ್ದುಗೆ ಯಾರ ಹೆಸರಿಗಿರಬೇಕೆಂದು ಇವರ ಕೇಸು ಕೂಡ್ಲಿಗಿಯಲ್ಲಿ ನಡೆಯುತ್ತಿದೆ.

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಈ ಕೇಸನ್ನೇ ಮುಂದಿಟ್ಟು ‘ಅಣ್ಣತಮ್ಮಂದಿರೆಂಬುದು ಬರೀ ಮಾತು’ ಎಂದು ವಾದಿಸಿ ಗೆದ್ದಿದ್ದ ನಾನು, ಉರುಸಿಗೆ ಮುಂಚೆ ಸುಣ್ಣ ಬಳಿಯುವ ದಿನ ಕಣ್ಣಾರೆ ನೋಡೋಣವೆಂದು ಗುಡ್ಡ ಹತ್ತಿದೆ. ಪಂಪ್‌ಸೆಟ್ ರಿಪೇರಿಯ ಖಾಸಿಂಸಾಬರು ಏಣಿಯ ತುದಿಯಲ್ಲಿ ನಿಂತು ಗುಮ್ಮಟಕ್ಕೆ ಸುಣ್ಣ ಬಳಿಯುತ್ತಿದ್ದರು. ಕೆಳಗೆ ಏಣಿಯನ್ನು ಎದೆಗೊತ್ತಿ ಹಿಡಿದಿದ್ದವರು ಅವರ ಮೇಲೆ ಕೇಸು ಹಾಕಿರುವ ಕೊಟ್ರಪ್ಪನವರು! ಹತ್ತುವುದು ಆ ಮನೆಯ ಪಾಲು, ಹಿಡಿಯುವುದು ಈ ಮನೆಯ ಪಾಲು. ಹಿಂದಿನಿಂದ ಹಾಗೇ ಬಂದಿದೆಯಂತೆ.

ಏಣಿ ಅಲುಗಿತು.

“ನೆಟ್ಟಗ ಹಿಡಿಯಲೇ ಕೊಟ್ರ್ಯಾ. ನಾ ಬಿದ್ದು ಸತ್ರ ಯಾರ ಮ್ಯಾಲೆ ಕೇಸ್ ನಡಸ್ತೀ?”

“ನೀ ಮೊದ್ಲ ನನ್ನ ತಲಿಗೆ ಸುಣ್ಣ ಬಳಿಯೋದು ಬಿಡಲೇ.”

ಕೊಟ್ರಪ್ಪನವರ ಹುಬ್ಬಿನಿಂದ ಸುಣ್ಣ ಇಳಿಯುತ್ತಿತ್ತು. ಒರೆಸಿಕೊಳ್ಳಲಿ ಎಂದು ನಾನು ಏಣಿಗೆ ಕೈ ಹಾಕಿದೆ.

“ಬಿಡಪಾ, ಇದು ನಿನ್ನ ಕೆಲಸ ಅಲ್ಲ” ಅಂದರು. ಕೈ ಬಿಡಲಿಲ್ಲ. ಅವರ ಟವೆಲಿನಿಂದ ಮುಖ ಒರೆಸಿದವನು ನಾನೇ.

ಮುಂದಿನ ತಿಂಗಳು ತೀರ್ಪು. ಗೆದ್ದ ಮನೆಗೇ ಪೂರ್ತಿ ಗದ್ದುಗೆ. ಅಂದು ಬಾಯಿಗೆ ಬಂದರೂ ಕೇಳಲಾಗದ ಪ್ರಶ್ನೆ ಇನ್ನೂ ಕೊರೆಯುತ್ತಿದೆ, ಇಲ್ಲಿಯೇ ಕೇಳುತ್ತೇನೆ: ಕೊಟ್ರಪ್ಪನವರೇ, ನೀವೇ ಗೆದ್ದರೆ ಮುಂದಿನ ವರ್ಷ ಏಣಿ ಹಿಡಿಯುವುದು ಯಾರಿಗೆ?