ಊದಿನಕಡ್ಡಿಯ ತೂತುಗಳು

ನನ್ನ ಸಿಟ್ಟು ನಮ್ಮ ಓಣಿಗೆಲ್ಲ ಗೊತ್ತು. ಹಾಲಿನವನು ತುಸು ಹೆಚ್ಚು ನೀರು ಬೆರೆಸಿದ ದಿನ ನನ್ನನ್ನು ಕೂಗುವುದೇ ಇಲ್ಲ, ಕಟ್ಟೆಯ ಮೇಲಿನ ತಂಬಿಗೆ ತುಂಬಿಸಿ ಸದ್ದಿಲ್ಲದೆ ಹೋಗುತ್ತಾನೆ. ಲಿಂಗಸುಗೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಅಲ್ಲಿಯ ಮಕ್ಕಳೂ ನನ್ನ ಚಪ್ಪಲಿಯ ಸಪ್ಪಳ ಕೇಳಿಯೇ ಸುಮ್ಮನಾಗುತ್ತವೆ. ಹೋದ ಬೇಸಿಗೆಯಲ್ಲಿ ಈ ಸಿಟ್ಟಿನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಪಜೀತಿ ಮಾಡಿಕೊಂಡೆ. ಅದರಿಂದ ನಮ್ಮನ್ನು ಪಾರು ಮಾಡಿದವರನ್ನು ನೆನೆಯಲು ಇದನ್ನು ಬರೆಯುತ್ತಿದ್ದೇನೆ.

ಮನೆಯಲ್ಲಿ ಇರುವವರು ಇಬ್ಬರೇ, ಅಕ್ಕ ಮತ್ತು ನಾನು. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ನನ್ನನ್ನು ಬಿ.ಎಡ್‌ವರೆಗೆ ಓದಿಸಿದವಳು. ಆ ದಿನಗಳಲ್ಲಿ ಮನೆಗೆ ರೊಟ್ಟಿ ಕಡಿಮೆ ಬಿದ್ದಾಗಲೆಲ್ಲ, "ನಂಗ ಹಸಿವಿಲ್ಲ, ನೀ ಉಣ್ಣು," ಎನ್ನುತ್ತಿದ್ದಳು. ನಾನೋ ಪೆದ್ದಿ, ನಂಬಿ ಉಣ್ಣುತ್ತಿದ್ದೆ. ಮೂರು ವರ್ಷದ ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್‌ಗೆ ಪಾಳಿ ಸಿಕ್ಕಿದ್ದು ಸಿಂಧನೂರಿನಲ್ಲಿ, ಮಂಗಳವಾರ ಮತ್ತು ಶುಕ್ರವಾರ, ಮಧ್ಯಾಹ್ನ ಒಂದಕ್ಕೆ. ಮಸ್ಕಿಯ ಮೇಲೆ ಹಾಯ್ದು ಹೋಗಬೇಕು, ತಾಸಿಗಿಂತ ಹೆಚ್ಚಿನ ದಾರಿ. ಆ ಎರಡು ದಿನ ನನ್ನ ಪಾಠಗಳನ್ನೆಲ್ಲ ಬೆಳಗಿನ ಹೊತ್ತಿಗೇ ಹಾಕಿಕೊಟ್ಟ ಹೆಡ್‌ಮಾಸ್ತರರ ಉಪಕಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಆ ಕಾಯಿಲೆಯಲ್ಲಿ ಸೂಜಿಗಿಂತ ಕಷ್ಟದ್ದು ನೀರಡಿಕೆ. ಡಾಕ್ಟರು ದಿನಕ್ಕೆ ಮೂರು ಲೋಟ ನೀರು ಎಂದು ಗೆರೆ ಎಳೆದಿದ್ದಾರೆ. ಕುಡಿದದ್ದು ಹೊರಗೆ ಹೋಗಲು ದಾರಿ ಇಲ್ಲ. ಹೆಚ್ಚಾದರೆ ಕಾಲು ಬಾತುಕೊಳ್ಳುತ್ತವೆ, ಎದೆಯಲ್ಲಿ ನೀರು ನಿಂತು ಉಸಿರು ಕಟ್ಟುತ್ತದೆ. ನಮ್ಮ ಸೀಮೆಯ ಬೇಸಿಗೆಯಲ್ಲಿ ಮೂರು ಲೋಟ ನೀರಿನ ಮೇಲೆ ದಿನ ದೂಡುವುದೆಂದರೇನು ಎಂಬುದನ್ನು ಇಲ್ಲಿ ಬದುಕಿದವರಿಗೆ ಹೇಳಬೇಕಾಗಿಲ್ಲ. ಮೊದಲ ವರ್ಷ ಬಸ್ಸಿನಲ್ಲಿ ಹೋಗುವಾಗ ಅವಳು ತಡೆಯಲಾರದೆ ಒಂದು ಬಾಟಲಿ ಪೂರ್ತಿ ಕುಡಿದುಬಿಟ್ಟಿದ್ದಳು. ಮರುದಿನ ಅವಳನ್ನು ಆಕ್ಸಿಜನ್ ಹಚ್ಚಿ ಮಲಗಿಸಿದ್ದರು. ಅದಾದ ಮೇಲೆಯೇ ನಾನು ಹಳೆಯ ಕಾರೊಂದನ್ನು ಕೊಂಡದ್ದು. ಯಾರಾದರೂ ಏನಾದರೂ ಅನ್ನಲಿ, ನಾನು ಕಾರು ಕೊಂಡದ್ದು ಎಸಿಗಾಗಿ. ಒಳಗೆ ತಂಪಿದ್ದರೆ ಅಕ್ಕನ ಬಾಯಿ ಆರುವುದಿಲ್ಲ, ಅಷ್ಟೇ ಲೆಕ್ಕ. ದಾರಿಯಲ್ಲಿ ನಾನೂ ಅವಳೆದುರು ಒಂದು ಗುಟುಕು ಕುಡಿಯುವುದಿಲ್ಲ. ಇದು ಅವಳಿಗೆ ಗೊತ್ತಿಲ್ಲವೆಂದೇ ತಿಳಿದಿದ್ದೆ.

ಆ ಕಾರಿನ ಎಸಿ ತಾನಾಗಿಯೇ ನಡೆಯುವಂಥದು. ಇಪ್ಪತ್ನಾಲ್ಕು ಎಂದು ಒತ್ತಿಬಿಟ್ಟರೆ ಸಾಕು, ಒಳಗಿನ ಸೆಕೆ ನೋಡಿಕೊಂಡು ತಂಪನ್ನು ಹೆಚ್ಚು ಕಡಿಮೆ ಮಾಡುತ್ತದೆ. ಎಸಿಯ ಗುಂಡಿಗಳ ಪಕ್ಕದಲ್ಲಿ ರೂಪಾಯಿ ಅಗಲದ ಜಾಗವೊಂದು, ಅದರ ತುಂಬ ಸಣ್ಣ ತೂತುಗಳು. ಮೊದಲ ಅಮಾವಾಸ್ಯೆಯ ದಿನ ಅಕ್ಕ ಗಾಡಿಗೆ ವಿಭೂತಿ ಬಳಿದು, ಹೂ ಏರಿಸಿ, ಊದಿನಕಡ್ಡಿ ಎಲ್ಲಿ ಚುಚ್ಚಲಿ ಎಂದು ಹುಡುಕಿ, ಕೊನೆಗೆ ಆ ತೂತುಗಳನ್ನು ಕಂಡು ಹಿಗ್ಗಿದಳು.

"ಕಂಪನಿಯವ್ರು ಭಾಳ ಶಾಣ್ಯಾ ಅದಾರ ನೋಡು. ಊದಿನಕಡ್ಡಿಗೂ ಜಾಗಾ ಮಾಡ್ಯಾರ," ಅಂದಳು.

ಕಡ್ಡಿ ಆ ತೂತಿನಲ್ಲಿ ನೆಟ್ಟಗೆ ನಿಂತಿತು. ನಾನೂ ಹೌದೆಂದೆ. ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಮಾಡುವವಳು ನಾನು. ಅಲ್ಲಿಂದ ಪ್ರತಿ ಅಮಾವಾಸ್ಯೆಗೂ ಆ ತೂತುಗಳಲ್ಲಿ ಎರಡೆರಡು ಕಡ್ಡಿ ಉರಿದವು.

ಕಾರಿನಲ್ಲಿದ್ದ ಹಳೆಯ ಟೇಪು ಸಿ.ಡಿ. ಕಾಲದ್ದು, ಅದಕ್ಕೆ ಫೋನು ಕೂಡುತ್ತಿರಲಿಲ್ಲ. ಅಕ್ಕ ಮೈ ನೆಟ್ಟಗಿದ್ದಾಗ ಓಣಿಯ ಭಜನೆಯಲ್ಲಿ ಹಾಡುತ್ತಿದ್ದಳು. ಈಗ ದಮ್ಮು ಸಾಲದು. ಭಜನೆಯ ಹೆಂಗಸರು ತಾವು ಹಾಡಿದ್ದನ್ನು ಅವಳ ಫೋನಿಗೆ ಕಳಿಸುತ್ತಾರೆ, ಅವಳು ದಾರಿಯುದ್ದಕ್ಕೂ ಫೋನನ್ನು ಕಿವಿಗೆ ಒತ್ತಿಕೊಂಡು ಕೂಡುತ್ತಿದ್ದಳು. ಅದನ್ನು ನೋಡಲಾರದೆ ದೊಡ್ಡ ಪರದೆಯ ಹೊಸ ಸ್ಟೀರಿಯೊ ಒಂದನ್ನು, ಅದನ್ನು ಕೂಡಿಸುವ ಡ್ಯಾಶ್‌ಬೋರ್ಡ್ ಕಿಟ್ಟಿನ ಸಮೇತ, ಆನ್‌ಲೈನಿನಲ್ಲಿ ತರಿಸಿದೆ. ಊರಿನ ಅಂಗಡಿಯೊಂದರಲ್ಲಿ ಕೂಡಿಸಿಕೊಡಿ ಎಂದು ಕೇಳಿದರೆ ಅಂಗಡಿಯವನು ನನ್ನ ಮುಖವನ್ನೂ ನೋಡದೆ, "ಮನ್ಯಾಗಿನ ಗಂಡಸರನ್ನ ಕಳಸ್ರಿ ಮೇಡಂ, ಅವ್ರಿಗೆ ತಿಳಿಸಿ ಹೇಳ್ತೀನಿ," ಅಂದ. ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದೆ. ನಾನೇ ಕೂಡಿಸುತ್ತೇನೆ, ಇದೇನು ದೊಡ್ಡ ಕೆಲಸ ಎಂದು ದಾರಿಯಲ್ಲೇ ತೀರ್ಮಾನಿಸಿದ್ದೆ.

ಭಾನುವಾರ ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸಿ, ಫೋನಿನಲ್ಲಿ ವಿಡಿಯೊ ಹಚ್ಚಿಕೊಂಡು ಕೆಲಸಕ್ಕೆ ಕುಳಿತೆ. ಹಳೆಯ ಪ್ಯಾನೆಲ್ಲನ್ನು ಕಿತ್ತು, ಅದರಿಂದ ಎಸಿಯ ಗುಂಡಿಗಳನ್ನು ಬಿಡಿಸಿ, ಕಿಟ್ಟಿನ ಹೊಸ ಪ್ಯಾನೆಲ್ಲಿಗೆ ಕೂಡಿಸಬೇಕು. ಅವುಗಳ ವೈರಿನ ಕೊಂಡಿಗಳನ್ನು, ಗ್ಯಾರೇಜಿನವರು ಕಪ್ಲರ್ ಎನ್ನುತ್ತಾರೆ, ಬಣ್ಣ ನೋಡಿ ಒಂದೊಂದಾಗಿ ಸಿಕ್ಕಿಸಬೇಕು. ಅಷ್ಟನ್ನೂ ಸರಿಯಾಗಿಯೇ ಮಾಡಿದೆ, ಈಗಲೂ ಹೇಳುತ್ತೇನೆ. ಕೊನೆಗೆ ಒಂದು ಉಳಿಯಿತು. ಊದಿನಕಡ್ಡಿಯ ತೂತುಗಳ ಹಿಂದೆ ಬೆರಳಿನ ತುದಿಯಷ್ಟು ದೊಡ್ಡ ವಸ್ತು, ಎರಡು ವೈರಿನದು, ಬೂದಿ ವಿಭೂತಿ ಮೆತ್ತಿಕೊಂಡು ಗುರುತು ಸಿಗದಂತಾಗಿತ್ತು. ಹೊಸ ಪ್ಯಾನೆಲ್ಲಿನಲ್ಲಿ ತೂತುಗಳೂ ಇಲ್ಲ, ಅದಕ್ಕೆ ಜಾಗವೂ ಇಲ್ಲ. ಯಾವುದೋ ಸುಟ್ಟ ಬಲ್ಬಿರಬೇಕು ಎಂದುಕೊಂಡು ಅದನ್ನು ಕಿತ್ತು ಹಳೆಯ ಪ್ಯಾನೆಲ್ಲಿನ ಜೊತೆ ಪಕ್ಕಕ್ಕೆ ಎಸೆದೆ.

ಸ್ಟೀರಿಯೊ ಹಾಡಿತು. ಅಕ್ಕ ಬಾಗಿಲಲ್ಲಿ ನಿಂತು ತನ್ನ ಭಜನೆಯವರ ದನಿ ಕೇಳಿ ಕಣ್ಣು ತುಂಬಿಕೊಂಡಳು. ಎಸಿ ಹಚ್ಚಿ ನೋಡಿದೆ, ಗುಂಡಿಗಳು ಬೆಳಗಿದವು, ಗಾಳಿ ಬಂತು. ಒಂದು ನಿಮಿಷಕ್ಕೇ ಬಂದ್ ಮಾಡಿ ಬೀಗುತ್ತ ಕೈ ತೊಳೆದೆ.

ಮಂಗಳವಾರ ಹನ್ನೊಂದಕ್ಕೆ ಹೊರಟೆವು. ಯುಗಾದಿಗೆ ಇನ್ನೂ ವಾರವಿತ್ತು, ಆದರೆ ಬಿಸಿಲು ಆಗಲೇ ಬೆಂಕಿ. ಊರು ದಾಟಿ ಎಂಜಿನ್ ಕಾಯುತ್ತಿದ್ದಂತೆ ಎಸಿಯಿಂದ ಬಿಸಿಗಾಳಿ ಬರತೊಡಗಿತು. ಇಪ್ಪತ್ತಕ್ಕೆ ಇಳಿಸಿದೆ, ಹದಿನೆಂಟಕ್ಕೆ ಇಳಿಸಿದೆ, ಇನ್ನಷ್ಟು ಕಾವು. ಸ್ಟೀರಿಂಗಿನ ಮೇಲೆ ಗುದ್ದಿದೆ. ಕಡೆಗೆ ಎಸಿ ಬಂದ್ ಮಾಡಿ ಕಿಟಕಿ ಇಳಿಸಿದರೆ ಹೊರಗಿನ ಗಾಳಿಯೂ ಹಂಚಿನ ಮೇಲಿಂದ ಬಂದ ಹಾಗೆ ಮುಖಕ್ಕೆ ರಾಚಿತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತೊಡೆಯ ಮೇಲೆ ಅವಳ ಸ್ಟೀಲಿನ ಸಣ್ಣ ಬಾಟಲಿ, ಅದರಲ್ಲಿ ಸಂಜೆಯವರೆಗಿನ ಒಂದು ಲೋಟ ನೀರು. ಅದರ ಮುಚ್ಚಳವನ್ನು ತಿರುವುತ್ತಿದ್ದಳು, ಮತ್ತೆ ಬಿಗಿಯುತ್ತಿದ್ದಳು.

"ಯಕ್ಕಾ, ಒಂದು ಗುಟುಕು ಕುಡಿಯಬೇ."

"ಒಂದಕ್ಕ ನಿಲ್ಲೂದಿಲ್ಲವ್ವ. ನೀ ಗಾಡಿ ನೋಡಿ ಹೊಡಿ."

ನನಗೆ ಬಸ್ಸಿನ ಆ ಬಾಟಲಿ ನೆನಪಾಯಿತು, ಆಕ್ಸಿಜನ್ ನೆನಪಾಯಿತು. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಸ್ಕಿಯ ಊರಂಚಿನಲ್ಲಿ ಭತ್ತ ಕೊಯ್ಯುವ ಯಂತ್ರಗಳ ವೈರಿಂಗ್ ರಿಪೇರಿ ಮಾಡುವ ಒಂದು ಶೆಡ್ಡು ಕಂಡಿತು. ಗಡ್ಡ ನರೆತ ಉಸ್ತಾದರೊಬ್ಬರು ಯಂತ್ರದ ಅಡಿಯಿಂದ ಹೊರಗೆ ಬಂದರು. ಅವರು ಮೊದಲು ನೋಡಿದ್ದು ಕಾರನ್ನಲ್ಲ, ಅಕ್ಕನನ್ನು. ಬೇವಿನ ನೆರಳಿನಲ್ಲಿದ್ದ ಬೆಂಚನ್ನು ಒರೆಸಿ ಕೂಡಿಸಿ, ನೀರಿನ ಚೆಂಬು ತಂದರು. ಅಕ್ಕ ಕೈ ಅಡ್ಡ ಹಿಡಿದಳು. ನಾನು ಎರಡು ಮಾತಿನಲ್ಲಿ ವಿಷಯ ಹೇಳಿದೆ. ಅವರು ಮತ್ತೇನೂ ಕೇಳದೆ ಒಂದು ಹೊಸ ಟವೆಲನ್ನು ಅದೇ ನೀರಿನಲ್ಲಿ ತೋಯಿಸಿ, ಹಿಂಡಿ, ಅಕ್ಕನ ಕೈಗೆ ಕೊಟ್ಟರು.

"ತಲಿಮ್ಯಾಲ ಹಾಕ್ಕೊಳ್ರಿ ಯಕ್ಕಾ. ಕುಡಿಯಾಕ ಬರದಿದ್ರ ಮೈಯಾರ ತಂಪಾಗ್ಲಿ."

ಕೊಯ್ಲಿನ ಯಂತ್ರದವನು ಸಾಲಗುಂದದ ರೈತ, ಬೆಳಿಗ್ಗೆಯಿಂದ ಕಾದಿದ್ದವನು. "ಮೊದಲ ಅವರ್ದು ನೋಡ್ರಿ ಉಸ್ತಾದ್, ನಂದು ಆಮ್ಯಾಲ ಆದ್ರೂ ನಡೀತೈತಿ," ಅಂದ. ಅವನ ಮುಖ ಈಗ ನನಗೆ ಸರಿಯಾಗಿ ನೆನಪಿಲ್ಲ, ಆ ಮಾತು ಮಾತ್ರ ನೆನಪಿದೆ.

ಉಸ್ತಾದರು ಬಾನೆಟ್ ಎತ್ತಿ, ಎಂಜಿನ್ ಮತ್ತು ಎಸಿ ಹಚ್ಚಲು ಹೇಳಿ, ಒಂದು ಪೈಪನ್ನು ಮುಟ್ಟಿ ನೋಡಿದರು. "ತಣ್ಣಗ ಬರ್ಫ್ ಆಗೇತಿ. ಗ್ಯಾಸು, ಕಂಪ್ರೆಸರು ಎಲ್ಲಾ ಬರೋಬರಿ ಐತ್ರಿ. ಥಂಡಿ ತಯಾರ ಆಗಾಕತ್ತೈತಿ, ಆದ್ರ ಗಾಡಿ ಅದನ್ನ ಒಳಗ ಬಿಡವಲ್ದು. ಹೀಟರಿನ ಬಾಗಲಾ ತಗದು ಕುಂತೈತಿ." ಆಮೇಲೆ ಒಳಗೆ ಬಂದು ಹೊಸ ಪ್ಯಾನೆಲ್ಲನ್ನು ನೋಡಿದರು. "ಇದನ್ನ ಕೂಡಿಸಿದವ್ರು ಯಾರ್ರಿ?"

"ನಾನೇ."

"ಛಲೋ ಕೂಡಿಸೀರಿ. ಏನಾರ ಬಿಟ್ಟೀರೇನು?"

"ಏನೂ ಬಿಟ್ಟಿಲ್ಲ," ಎಂದು ಗದರಿದೆ. ಲಿಂಗಸುಗೂರಿನ ಅಂಗಡಿಯವನ ಮೇಲಿನ ಸಿಟ್ಟನ್ನು ಪಾಪ ಇವರ ಮೇಲೆ ತೀರಿಸುತ್ತಿದ್ದೆ.

ಅವರು ನಕ್ಕು ಪ್ಯಾನೆಲ್ಲನ್ನು ಮೆಲ್ಲಗೆ ಬಿಚ್ಚಿದರು. ಒಳಗೆ ಎರಡು ವೈರಿನ ಕಪ್ಲರ್ ಒಂದು ಖಾಲಿ ಬಾಯಿ ತೆರೆದು ಜೋತಾಡುತ್ತಿತ್ತು. "ಇದರ ಬಾಯಾಗ ಏನಿತ್ತು ಟೀಚರಮ್ಮಾ?"

ಊದಿನಕಡ್ಡಿಯ ಕತೆಯನ್ನೆಲ್ಲ ಹೇಳಬೇಕಾಯಿತು. ಅವರು ನಗಲಿಲ್ಲ. "ಅದು ಒಳಗಿನ ಸೆಕಿ ನೋಡೂ ಸೆನ್ಸರ್ ಇತ್ರಿ. ಆ ತೂತಿನಿಂದ ಗಾಳಿ ಮುಟ್ಟಿ ನೋಡತಿತ್ತು. ಈಗ ಅದಿಲ್ಲ. ಅದಕ್ಕ ಗಾಡಿ ತಿಳಕೊಂಡೈತಿ, ಒಳಗ ಕುಂತವ್ರು ಥಂಡ್ಯಾಗ ನಡಗಾಕತ್ತಾರಂತ. ಪಾಪ, ನಿಮಗ ಕಾಸಾಕತ್ತೈತಿ."

ತಂಪಾದಷ್ಟೂ ಅಂಥ ಸೆನ್ಸರಿನ ವಿದ್ಯುತ್ ರೋಧ ಏರುತ್ತದೆ, ವೈರು ಕಿತ್ತರೆ ರೋಧಕ್ಕೆ ಮಿತಿಯೇ ಇಲ್ಲ, ಕಾರು ಅದನ್ನು ಹಿಮದಷ್ಟು ಚಳಿ ಎಂದೇ ಓದುತ್ತದೆ. ಇದರ ನಕ್ಷೆಯನ್ನು ಹಲಗೆಯ ಮೇಲೆ ಬರೆದು ತೋರಿಸಿದವಳೇ ನಾನು. ಬೂದಿ ಮೆತ್ತಿದ್ದಕ್ಕೆ ಗುರುತು ಹಿಡಿಯಲಿಲ್ಲ. ಅದು ಸೋಮವಾರವೇ ಕಸದ ಗಾಡಿಗೆ ಹೋಗಿರಬೇಕು ಎಂದೆ. ಉಸ್ತಾದರು ತಲೆ ಕೆರೆದುಕೊಂಡರು. ಹೊಸದು ದೊಡ್ಡ ಊರಿನಿಂದ ಬರಬೇಕು, ನಾಲ್ಕೈದು ದಿನ ಹಿಡಿಯುತ್ತದೆ ಅಂದರು. ಶುಕ್ರವಾರ ಮತ್ತೆ ಇದೇ ದಾರಿ, ಇದೇ ಬಿಸಿಲು, ಇದೇ ಒಂದು ಲೋಟ ನೀರು.

ಬೆಂಚಿನ ಮೇಲಿಂದ ಅಕ್ಕ ಟವೆಲಿನ ಮರೆಯಲ್ಲೇ ಕೇಳಿದಳು. "ಯಾವ್ದು? ಅದಾ, ಬೂದಿ ಮೆತ್ತಿದ್ದು? ನನ್ನ ಚೀಲದಾಗ ಐತಿ ನೋಡು."

ವಿಭೂತಿ ತಾಗಿದ್ದನ್ನು, ದೇವರ ಮುಂದೆ ಹೊಗೆ ಕುಡಿದದ್ದನ್ನು ಕಸಕ್ಕೆ ಹಾಕುವವಳಲ್ಲ ಅಕ್ಕ. ದೇವರ ಒಣ ಹೂಗಳನ್ನು ನಾಲ್ಕು ಮಂದಿ ತುಳಿಯುವ ಕಡೆ ಚೆಲ್ಲದೆ, ಕಾಗದದಲ್ಲಿ ಕಟ್ಟಿ ಚೀಲದಲ್ಲಿ ಇಟ್ಟುಕೊಂಡು, ಮಸ್ಕಿ ದಾಟಿದ ಮೇಲೆ ಸಿಗುವ ಕಾಲುವೆಯಲ್ಲಿ ಬಿಡುವುದು ಅವಳ ರೂಢಿ. ಪ್ರತಿಸಲವೂ ಅಲ್ಲಿ ಕಾರು ನಿಲ್ಲಿಸು ಅಂದಾಗ ನಾನು ಗೊಣಗುತ್ತಿದ್ದೆ. ಆ ದಿನ ಪೊಟ್ಟಣ ಬಿಚ್ಚಿದರೆ ಒಣಗಿದ ಸೇವಂತಿಗೆಯ ನಡುವೆ ಆ ಸೆನ್ಸರ್ ಬೆಚ್ಚಗೆ ಮಲಗಿತ್ತು.

ಉಸ್ತಾದರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬ್ರಶ್ ಹಿಡಿದು ತುಸು ತಡೆದು, "ತಿಕ್ಕಲೇನ್ರಿ ಯಕ್ಕಾ? ನಿಮ್ಮ ದೇವರದು ಹತ್ತೇತಿ," ಎಂದು ಕೇಳಿದರು.

"ತಿಕ್ರಿ ಅಣ್ಣಾ. ನಿಮ್ಮ ಕೈಯೂ ಅವನ ಕೈನ," ಅಂದಳು ಅಕ್ಕ.

ಉದುರಿದ ಬೂದಿಯನ್ನು ಅವರು ನೆಲಕ್ಕೆ ಬೀಳಗೊಡಲಿಲ್ಲ. ಅದೇ ಕಾಗದದ ಮೇಲೆ ಕೂಡಿಹಾಕಿ ಹೂಗಳ ಜೊತೆ ಮಡಚಿ ಅಕ್ಕನಿಗೆ ಕೊಟ್ಟರು. ಹೊಸ ಪ್ಯಾನೆಲ್ಲಿನಲ್ಲಿ ಸಣ್ಣ ಡ್ರಿಲ್ಲಿನಿಂದ ತೂತುಗಳನ್ನು ಕೊರೆದು, ಹಿಂದೆ ಸೆನ್ಸರನ್ನು ಕೂಡಿಸಿ, ಕಪ್ಲರ್ ಸಿಕ್ಕಿಸಿದರು. ಅರೆಗಳಿಗೆ ಬಿಸಿಯೇ ಬಂತು. ಒಳಗೆಲ್ಲೋ ಬಾಗಿಲು ಸರಿದ ಸದ್ದಾಯಿತು, ತಂಪು ಗಾಳಿ ಬಂತು. ನಾನು ಮುಖ ಮುಚ್ಚಿಕೊಂಡು ಅತ್ತೆ. ಅವರು ಅದನ್ನು ನೋಡದವರಂತೆ ತಮ್ಮ ಡಬ್ಬದಲ್ಲಿ ಏನೋ ಹುಡುಕಿದರು. ಕೊಯ್ಲಿನ ಯಂತ್ರದ ದಪ್ಪನೆಯ ನಟ್ಟು ಸಿಕ್ಕಿತು. ಅದನ್ನು ತೊಳೆದು, ಒರೆಸಿ, ಡ್ಯಾಶ್‌ಬೋರ್ಡಿನ ಮೂಲೆಗೆ ಅಂಟಿಸಿ, ತೂತು ಮೇಲೆ ಬರುವಂತೆ ಒತ್ತಿ ಹಿಡಿದರು.

"ಇನ್ನ ಮ್ಯಾಲ ಊದಿನಕಡ್ಡಿ ಇಲ್ಲಿ ಹಚ್ಚ್ರಿ ಯಕ್ಕಾ. ಅಲ್ಲಿ ಬ್ಯಾಡ. ಅದರ ಪಾಡಿಗೆ ಅದು ನಿಮ್ಮ ಸೆಕಿ ನೋಡ್ಲಿ."

ನಾನು ಗದರಿದ್ದಕ್ಕೆ ಕ್ಷಮೆ ಕೇಳಿದೆ. "ಕಲಿಸೋರಿಗೆ ಸಿಟ್ಟು ಇರಬೇಕ್ರಿ," ಎಂದು ಮತ್ತೆ ಯಂತ್ರದ ಅಡಿಗೆ ಹೋದರು. ಸಾಲಗುಂದದವನು ಬೀಡಿ ಆರಿಸಿ ಎದ್ದು ನಿಂತ.

ಕಾಲುವೆಯ ಹತ್ತಿರ ಆ ದಿನ ನಾನಾಗಿಯೇ ಕಾರು ನಿಲ್ಲಿಸಿದೆ. ಅಕ್ಕ ಇಳಿದು ಪೊಟ್ಟಣವನ್ನು ನೀರಿಗೆ ಬಿಟ್ಟು ಕೈ ಮುಗಿದಳು. ನಾನು ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದೆ ಮಸ್ಕಿಯ ದಿಕ್ಕಿಗೆ ಮುಗಿದೆ. ಮತ್ತೆ ಒಳಗೆ ಕುಳಿತು ಬಾಗಿಲು ಹಾಕಿಕೊಂಡೆವು. ತಂಪಿತ್ತು. ಭಜನೆಯವರು ಹಾಡುತ್ತಿದ್ದರು, ಎರಡೂ ಕಡೆ ಭತ್ತದ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಅಕ್ಕ ತನ್ನ ಸ್ಟೀಲಿನ ಬಾಟಲಿಯ ಮುಚ್ಚಳ ತೆಗೆದು ಒಂದು ಗುಟುಕು ಕುಡಿದು ಉಳಿದದ್ದನ್ನು ನನ್ನ ಕಡೆ ಚಾಚಿದಳು.

"ಕುಡಿ. ಮುಂಜಾನಿಂದ ಒಂದು ಹನಿ ಕುಡದಿಲ್ಲ ನೀ. ನಾ ಯಾವಾಗ್ಲೂ ನೋಡ್ತೀನಿ."

"ಬ್ಯಾಡಬೇ ಯಕ್ಕಾ. ಅದು ನಿಂದು."

"ನಂಗ ನೀರಡಿಕಿಲ್ಲ, ಕುಡಿ," ಅಂದಳು.

ಅವಳ ಮುಖ ನೋಡಿದೆ. ತುಟಿ ಒಣಗಿರಲಿಲ್ಲ. ಈ ಸಲ ಅವಳು ಹೇಳಿದ್ದು ನಿಜವಾಗಿತ್ತು. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ಆ ನೀರನ್ನು ಕುಡಿದೆ.