ನೆಂಟರ ಡಬ್ಬಿ

ಕಾಫಿ ಬೆಳೆಯುವವರ ಮನೆಯಲ್ಲೇ ಕೆಟ್ಟ ಕಾಫಿ ಕುಡಿಯುತ್ತಾರೆಂದರೆ ನೀವು ನಂಬಲಿಕ್ಕಿಲ್ಲ. ಬಾಳೂರಿನ ನಮ್ಮ ಅಡುಗೆಮನೆಗೆ ಬಂದು ನೋಡಿ, ಎರಡು ಡಬ್ಬಿಗಳಿವೆ. ದೊಡ್ಡದರಲ್ಲಿ ಗಿಡದ ಬುಡದಿಂದ ಹೆಕ್ಕಿ, ಮಳೆಗಾಲವಿಡೀ ಗೋಣಿಚೀಲದಲ್ಲಿ ಬಿದ್ದಿದ್ದ ಒಡಕು ಬೀಜದ ಪುಡಿ, ಅದು ಮನೆಯವರಿಗೆ. ಸಣ್ಣದರಲ್ಲಿ ಆರಿಸಿದ ಬೀಜದ ಘಮಘಮಿಸುವ ಪುಡಿ, ಅದು ನೆಂಟರಿಗೆ. ನೆಂಟರು ಬಾರದ ದಿನ ನಾನೇ ನೆಂಟನೆಂದು ಭಾವಿಸಿಕೊಳ್ಳುವುದುಂಟು.

ಹೋದ ಮಳೆಗಾಲದ ಜ್ವರ ಅಕ್ಕನ ಮೂಗಿನಿಂದ ವಾಸನೆಯನ್ನು ಪೂರ್ತಿ ಹೊತ್ತೊಯ್ದಿತು. ಒಗ್ಗರಣೆ ಸೀದರೂ ಅವಳಿಗೆ ತಿಳಿಯದು. ಕಳಸದ ಡಾಕ್ಟರು ಹೇಳಿದ್ದರಲ್ಲಿ ಏಳನೇ ಕ್ಲಾಸಿಗೇ ನಿಂತ ನನ್ನ ತಲೆಗೆ ಹೊಕ್ಕಿದ್ದಿಷ್ಟು: ಮಿದುಳಿನಲ್ಲಿ ವಾಸನೆಗೆಂದೇ ಒಂದು ಜಾಗವಿದೆ, ಮೂಗಿನಿಂದ ಸುದ್ದಿ ಬರುವುದು ನಿಂತರೆ ಅದು ಸೊರಗುತ್ತದೆ, ಬೇರೆ ಕೆಲಸಗಳು ಅಲ್ಲಿಗೆ ನುಗ್ಗಲೂಬಹುದು. ಎಸ್ಟೇಟಿನಲ್ಲಿ ಆಳುಗಳ ಸಾಲಿನ ಖಾಲಿ ಲೈನ್ ಮನೆಯಲ್ಲಿ ಪಕ್ಕದವರು ಸೌದೆ ಒಟ್ಟುವುದಿಲ್ಲವೇ, ಹಾಗೆ. ಅದಕ್ಕೇ ದಿನಾ ಬೆಳಿಗ್ಗೆ ಲವಂಗ, ನಿಂಬೆಸಿಪ್ಪೆ, ಒಳ್ಳೆಯ ಕಾಫಿಪುಡಿ ಮೂಸುತ್ತಿರಬೇಕು. ಒಳಗಿರುವವರು ಏಳುವ ತನಕ ಬಾಗಿಲು ತಟ್ಟುತ್ತಲೇ ಇರಬೇಕು.

ಕಾಫಿಪುಡಿಯನ್ನು ಬಟ್ಟಲಿಗೆ ಹಾಕಿ ಅವಳ ಮೂಗಿಗೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಪದೇಪದೇ ಮುಚ್ಚಳ ತೆಗೆದರೆ ಸಣ್ಣ ಡಬ್ಬಿಯ ಘಮ ಹಾರಿಹೋದೀತು, ಅವಳಿಗೆ ಹೇಗೂ ತಿಳಿಯುವುದಿಲ್ಲವಲ್ಲ ಎಂದುಕೊಂಡು ನಾನು ದೊಡ್ಡದರ ಪುಡಿಯನ್ನೇ ಹಿಡಿಯುತ್ತಾ ಬಂದೆ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಅಕ್ಕ ಬಟ್ಟಲಿನಿಂದ ತಟ್ಟನೆ ಮುಖವೆತ್ತಿದಳು.

"ಎಂಥದೋ ಬಂತು ಮಾರಾಯ! ಆದ್ರೆ ಕಾಫಿ ಅಲ್ಲ. ಮುಗ್ಗಿದ ಗೋಣಿಚೀಲದ ವಾಸನೆ." ಅವಳ ಕಣ್ಣು ತುಂಬಿತು. "ಈ ಮೂಗು ಕೆಟ್ಟೇ ಹೋಯ್ತು. ನಾಳೆಯಿಂದ ಇದೆಲ್ಲ ಬೇಡ."

ನಾನೂ ಮೂಸಿದೆ. ಗೋಣಿಚೀಲವೇ! ಅವಳ ಮೂಗು ಸತ್ಯವನ್ನೇ ಹೇಳಿತ್ತು, ಅದಕ್ಕೆ ಸಾಕ್ಷಿ ನಾನೊಬ್ಬನೇ. ಬಾಯಿ ಮುಚ್ಚಿಕೊಂಡರೆ ನನ್ನ ಮಾನ ಉಳಿಯುತ್ತಿತ್ತು, ಅವಳ ಮೂಗು ಹೋಗುತ್ತಿತ್ತು.

"ಅಕ್ಕಾ, ನಿನ್ನ ಮೂಗು ಸರಿ ಉಂಟು. ಕೆಟ್ಟದ್ದು ನಾನು," ಎಂದು ಸಣ್ಣ ಡಬ್ಬಿ ತಂದು ಮುಚ್ಚಳ ತೆಗೆದೆ.

ಅವಳು ಮೂಸಿದಳು, ತಡೆದಳು, ಮತ್ತೆ ಮೂಸಿದಳು. "ಗುಡ್ಡದಾಚೆ ಯಾರೋ ಕಾಫಿ ಹುರಿದ ಹಾಗೆ..." ಎಂದವಳು ನನ್ನತ್ತ ತಿರುಗಿದಳು. "ಕಳ್ಳಾ! ಇಷ್ಟು ದಿನ ಇದನ್ನ ನೀನೊಬ್ಬನೇ ಕುಡೀತಿದ್ಯಾ?"

ಬೈಸಿಕೊಳ್ಳುತ್ತಾ ಅಷ್ಟು ಹಗುರಾದದ್ದು ನನಗೆ ನೆನಪಿಲ್ಲ.

ಈಗಲೂ ನಮ್ಮಲ್ಲಿ ಎರಡು ಡಬ್ಬಿಗಳಿವೆ. ಬೆಳಿಗ್ಗೆ ಸಣ್ಣದು ಅಕ್ಕನಿಗೆ, ದೊಡ್ಡದು ನನಗೆ, ನ್ಯಾಯವೇ ಸರಿ. ಆದರೆ ಅಭ್ಯಾಸಬಲ ನೋಡಿ, ಮೊನ್ನೆ ಅವಳು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಮೆಲ್ಲಗೆ ಸಣ್ಣದರ ಮುಚ್ಚಳ ತೆಗೆದೆ. ಬಿಸಿನೀರು ಪುಡಿಯ ಮೇಲೆ ಬಿದ್ದಿತ್ತಷ್ಟೆ, ಹಿತ್ತಿಲಿಂದ ಕೂಗು ಕೇಳಿತು:

"ಯಾರೋ, ನೆಂಟರು ಬಂದ್ರಾ?"