ಒಂದು ಎಲೆಯಡಿಕೆಯ ಹೊತ್ತು

ಸವಣೂರಿನ ಫಿಟ್ಟರ್ ರಾಜೇಸಾಬನಿಗೂ ಹಿರೇಬೆಂಡಿಗೇರಿಯ ಕರಿಬಸಪ್ಪಗೌಡರಿಗೂ ಮೊದಲಿನಿಂದಲೇ ಆಗಿಬರುತ್ತಿರಲಿಲ್ಲ. ಗೌಡರ ಹಿಟ್ಟಿನ ಗಿರಣಿಯ ಇಂಜಿನ್ ಕೆಟ್ಟಾಗ, "ತಪ್ಪು ಇಂಜಿನ್ನಿಂದಲ್ರಿ, ನಡಸಾವ್ರದು" ಎಂದು ರಾಜೇಸಾಬ ನಾಲ್ಕು ಜನರೆದುರು ಹೇಳಿಬಿಟ್ಟಿದ್ದ. ಗೌಡರು ಅದನ್ನು ಮರೆತಿರಲಿಲ್ಲ. ಆದರೆ ೧೯೬೬ರಲ್ಲಿ ಅವರ ಟ್ರ್ಯಾಕ್ಟರ್ ಎರೆಹೊಲದ ಏರಿನಲ್ಲಿ ಕರಿಹೊಗೆ ಉಗುಳಿ ನಿಲ್ಲತೊಡಗಿದಾಗ, ಕರೆಯಲು ಸುತ್ತಲಿನ ಹಳ್ಳಿಗಳಲ್ಲಿ ಬೇರೆ ಫಿಟ್ಟರ್ ಇರಲಿಲ್ಲ.

ರಾಜೇಸಾಬ ಹುಬ್ಬಳ್ಳಿಯ ಗುಜರಿಯಿಂದ ಒಂದು ಟರ್ಬೊ ತಂದ. ಬಸವನಹುಳದ ಚಿಪ್ಪಿನಂತೆ ಸುರುಳಿಯಾದ ಕಬ್ಬಿಣ.

"ಡೀಸೆಲ್ ಐತ್ರಿ, ಅದನ್ನ ಸುಡಾಕ ಗಾಳಿ ಸಾಲವಲ್ದು. ಇದು ಕಮ್ಮಾರರ ತಿದಿ ಇದ್ದಂಗ. ಹೊರಗ ಹೋಗೋ ಹೊಗಿನ ಇದರ ಗಾಲಿ ತಿರಗಸ್ತೈತಿ, ಗಾಲಿ ಒಳಗ ಗಾಳಿ ನೂಕತೈತಿ."

"ಕೆಟ್ರ?" ಎಂದರು ಗೌಡರು.

"ಕೆಡಂಗಿಲ್ರಿ. ಆದ್ರ ಕೆಲಸ ಮುಗದ ಕೂಡ್ಲೆ ಬಂದ್ ಮಾಡಬ್ಯಾಡ್ರಿ. ಒಂದು ಎಲಿ ಅಡಿಕಿ ಅಗಿಯೂತನಾ ಸಣ್ಣಗ ಓಡ್ಲಿ. ಗಾಲಿ ನಿಲ್ಲೂತನಾ ಅದಕ್ಕ ಇಂಜಿನ್ನಿಂದ ಎಣ್ಣಿ ಹೋಗಬೇಕು."

"ನಾ ಎಲಿ ಅಗಿಯೂತನಾ ಅದು ಬಿಟ್ಟಿ ಡೀಸೆಲ್ ಕುಡೀಬೇಕನ? ನೆನಪಿಡು ಸಾಬಾ. ಇದು ಕೆಟ್ಟರ, ಈ ಸೀಮ್ಯಾಗ ನೀ ಮತ್ತ ಪಾನಾ ಹಿಡದು ನಟ್ಟು ಬಿಚ್ಚಾಂಗಿಲ್ಲ."

ಮರುದಿನ ಟ್ರ್ಯಾಕ್ಟರ್ ಸಣ್ಣಗೆ ಸಿಳ್ಳೆ ಹಾಕುತ್ತ ಏರು ಹತ್ತಿತು. ಜನ ಬೇಲಿಗುಂಟ ನಿಂತು ನೋಡಿದರು. ಗೌಡರು ರಾಜೇಸಾಬನಿಗೆ ಒಂದು ತಂಬಿಗೆ ನೀರು ಸಹ ಕೊಡಿಸಲಿಲ್ಲ.

ಎರಡು ತಿಂಗಳಿಗೆ ಗೌಡರಿಂದ ಕರೆ ಬಂತು. ಚಾವಡಿಯ ಮುಂದೆ ಟ್ರ್ಯಾಕ್ಟರ್, ಅದರ ಸುತ್ತ ಊರು.

"ನೀಲಿ ಹೊಗಿ ಉಗಳಾಕತ್ತೈತಿ ನಿನ್ನ ತಿದಿ. ಪಾನಾದ ಪೆಟಗಿ ಇಲ್ಲೇ ಇಟ್ಟು ಹೋಗು."

ರಾಜೇಸಾಬ ಪೆಟ್ಟಿಗೆಯನ್ನು ಕೆಳಗಿಡಲಿಲ್ಲ. "ಗೌಡ್ರ, ದಿನಾ ಹೆಂಗ ಬಂದ್ ಮಾಡ್ತೀರಿ, ಒಮ್ಮೆ ತೋರಸ್ರಿ."

"ನನಗ ಬಂದ್ ಮಾಡೂದು ಕಲಸ್ತೀಯೇನಲೇ?"

ಗೌಡರು ಹತ್ತಿ ಕೂತರು. ಇಂಜಿನ್ ಚಾಲೂ ಮಾಡಿ, ಚಾವಡಿ ನಡುಗುವಂತೆ ಗರ್ಜಿಸಲು ಬಿಟ್ಟು, ಫಕ್ಕನೆ ನಿಲ್ಲಿಸಿದರು. "ಹಿಂಗ! ದಿನಾ ಹಿಂಗ!"

ಇಂಜಿನ್ ಸುಮ್ಮನಾಯಿತು. ಆ ಮೌನದಲ್ಲಿ, ಕಬ್ಬಿಣದ ಚಿಪ್ಪಿನೊಳಗಿಂದ ಒಂದು ಒಣ ಕೀರಲು ಸದ್ದು ಎಲ್ಲರಿಗೂ ಕೇಳಿಸಿತು.

ಮುದಿ ಕಮ್ಮಾರ ಉಳಿವೆಪ್ಪ ಬಗ್ಗಿ ಕಿವಿಗೊಟ್ಟ. "ಇಂಜಿನ್ ಸತ್ತೈತಿ, ಇದು ಇನ್ನೂ ತಿರಗಾಕತ್ತೈತಿ. ಎಣ್ಣಿ ಎಲ್ಲಿಂದ ಬರಬೇಕಪಾ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗೌಡರ ಮುಖ ಕಪ್ಪಿಟ್ಟಿತು.

"ತಗದು ಒಯ್ಯಿ ಅದನ್ನ! ಇನ್ನೊಮ್ಮೆ ನಮ್ಮೂರ ಹಾದಿ ತುಳದಿ ಅಂದ್ರ ಕಾಲು ಮುರೀತೇನಿ."

ರಾಜೇಸಾಬ ಟರ್ಬೊ ಆರುವ ತನಕ ಕಾದ. ಬಿಚ್ಚಿದ, ಹಳೆಯ ಪೈಪು ಕೂಡಿಸಿದ, ಪಾನಾಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿಟ್ಟ. ಯಾರೂ ಕೈ ಹಚ್ಚಲಿಲ್ಲ. ಪೆಟ್ಟಿಗೆಯನ್ನು ಕಸಿಯಲೂ ಯಾರೂ ಮುಂದೆ ಬರಲಿಲ್ಲ.

ಆಮೇಲೆ ಅವನ ಅಂಗಡಿಗೆ ಬಂದವರೆದುರು ಮೊದಲು ಸವಣೂರೆಲೆ-ಅಡಿಕೆಯ ತಟ್ಟೆ ಬರುತ್ತಿತ್ತು. ಪೂರ್ತಿ ಅಗಿಯದೆ ಎದ್ದು ಉಗುಳಿದವರಿಗೆ ಅವನ ಉತ್ತರ ಒಂದೇ: "ನಿಮ್ಮ ಇಂಜಿನ್ ನನ್ನ ಕೈಲೆ ಆಗಂಗಿಲ್ರಿ."

ಮರುವರ್ಷದ ಬಿತ್ತನೆಗೆ ಮುಂಚೆ ಎತ್ತಿನ ಸವಾರಿ ಗಾಡಿಯೊಂದು ಅಂಗಡಿಯೆದುರು ನಿಂತಿತು. ಒಳಗೆ ಕರಿಬಸಪ್ಪಗೌಡರು. ಇಳಿಯಲಿಲ್ಲ.

"ಟ್ರ್ಯಾಕ್ಟರ್ ಮತ್ತ ಏರಿನ್ಯಾಗ ನಿಂತೈತಿ. ಆ ತಿದಿ ರಿಪೇರಿ ಮಾಡಿ ಹಚ್ಚು."

ರಾಜೇಸಾಬ ತಟ್ಟೆ ಹಿಡಿದು ಗಾಡಿಯ ಹತ್ತಿರ ಹೋದ. ಗೌಡರು ಎಲೆಯನ್ನು ನೋಡಿದರು, ಅವನನ್ನು ನೋಡಿದರು.

"ಹೊಡಿಯೋ ಗಾಡಿ," ಎಂದರು ಗಾಡಿಯವನಿಗೆ.

ರಾಜೇಸಾಬ ಅದೇ ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟುಕೊಂಡ. ಗಾಡಿಯ ಧೂಳು ಅಡಗುವವರೆಗೂ ನಿಧಾನವಾಗಿ ಅಗಿಯುತ್ತ ನಿಂತಿದ್ದ.